ತನ್ನ ಓಣಿಯ ಭಿಕ್ಷೆ

ದೇಸಾಯರ ವಾಡೆಯ ಹೆಬ್ಬಾಗಿಲನ್ನು ದುಂಡಪ್ಪ ಹರೆಯದಿಂದ ಕಾದವನು.

ದೇಸಾಯರ ಮಕ್ಕಳು ವಾಡೆಯನ್ನು ಪಾಲು ಮಾಡಿಕೊಂಡರು. ಅವರವರ ಕಡೆಗೆ ಅವರವರು ಸಣ್ಣ ಬಾಗಿಲು ತೆಗೆಸಿದರು. ಹೆಬ್ಬಾಗಿಲಿಗೆ ಗೋಡೆ ಎಬ್ಬಿಸಿದರು. ಬಾಗಿಲೇ ಇಲ್ಲದ ಮೇಲೆ ಬಾಗಿಲು ಕಾಯುವವನು ಯಾಕೆ?

"ನಿಂದೇನೂ ತಪ್ಪಿಲ್ಲೋ," ಎಂದು ಹಿರಿಯ ದೇಸಾಯರು ಸಮಾಧಾನ ಹೇಳಿದರು. ಆ ಮಾತೇ ಅವನನ್ನು ಹೆಚ್ಚು ಸುಟ್ಟಿತು. ತಪ್ಪು ಮಾಡಿದ್ದರೆ ಕಾಲಿಗೆ ಬಿದ್ದು ತಿದ್ದಿಕೊಳ್ಳಬಹುದಿತ್ತು.

ಹೆಂಡತಿ ಕಲ್ಲವ್ವನಿಗೆ ಅವನು ಹೇಳಲಿಲ್ಲ. ವಾಡೆ ಹೊಳೆಯಾಚೆಯ ಊರಲ್ಲಿತ್ತು, ಸುದ್ದಿ ಇನ್ನೂ ಹೊಳೆ ದಾಟಿರಲಿಲ್ಲ. ದಿನಾ ಬೆಳಿಗ್ಗೆ ತಲೆಗೆ ಕೆಂಪು ರುಮಾಲು ಸುತ್ತಿ, ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಹೊರಡುತ್ತಿದ್ದ. ಹೊಳೆದಂಡೆಯ ಮಠಕ್ಕೆ ಬಂದು ಅಂಗಳ ಗುಡಿಸುತ್ತಿದ್ದ, ಅಲ್ಲಿನ ಸ್ವಾಮಿಗಳಾದ ಅಜ್ಜಾರ ಮಾತು ಕೇಳುತ್ತಿದ್ದ. ಸಂಜೆ ದಣಿದವನ ಮೋರೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದ.

ವಾಡೆಯ ಪಗಾರವೆಂದರೆ ತಿಂಗಳಿಗೊಂದು ಚೀಲ ಜೋಳ. ಕಳೆದ ಸಲ ಸೊಂಟದ ಬೆಳ್ಳಿ ಉಡದಾರ ಮಾರಿ, ಜೋಳ ಕೊಂಡು ಮನೆಯಲ್ಲಿ ಚೀಲ ಇಳಿಸಿದ್ದ. ಅಂಗಿಯ ಒಳಗಿನದು ಹೋದರೆ ಯಾರಿಗೆ ಕಾಣುತ್ತದೆ ಎಂದುಕೊಂಡಿದ್ದ, ಪಾಪ. ಈ ಸಲ ಮಾರಲು ಏನೂ ಉಳಿದಿರಲಿಲ್ಲ.

"ಅಜ್ಜಾರ, ಮಠದ ಕಣಜದಾಗಿಂದ ಒಂದು ಚೀಲ ಜೋಳ ಕೊಡ್ರಿ," ಎಂದು ಕೈಮುಗಿದ.

"ಯಾಕ ಬೇಕೋ?"

"ಪಗಾರ ಬಂತು ಅಂತ ಮನ್ಯಾಗ ಇಳಸಬೇಕ್ರಿ."

ಅಜ್ಜಾರು ನಗಲಿಲ್ಲ, ಬೈಯಲೂ ಇಲ್ಲ.

"ಕಣಜದಾಗ ಇರೋದು ಭಿಕ್ಷಾದ ಕಾಳು. ಅದನ್ನ ಒಯ್ಯಾವ ಮೊದಲ ಒಂದು ಓಣಿ ಭಿಕ್ಷಾ ಬೇಡಿ ಬರಬೇಕು. ಒಂದು ಮನಿನೂ ಬಿಡೂ ಹಂಗಿಲ್ಲ. ನಮ್ಮ ಗುರುಗಳು ಹಾಕಿದ ಕಟ್ಟಳೆ ಇದು."

"ಯಾವ ಓಣಿರಿ?"

"ಇವತ್ತ ಬಡಿಗೇರ ಓಣಿ."

ದುಂಡಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅವನ ಮನೆ ಇದ್ದುದೇ ಆ ಓಣಿಯಲ್ಲಿ.

"ಬ್ಯಾರೆ ಓಣಿ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಇವತ್ತಿಂದು ಅದ ಓಣಿ."

"ಜೋಳಿಗಿ ಇಲಿ ಕಡದಾವಲ್ರಿ," ಎಂದು ಕೊನೆಯ ನೆಪ ಹೂಡಿದ.

ಅಜ್ಜಾರು ಕೈ ಚಾಚಿ ಅವನ ತಲೆಯ ರುಮಾಲು ಬಿಚ್ಚಿದರು. ತುದಿಗಳನ್ನು ಗಂಟು ಹಾಕಿ ಅವನ ಹೆಗಲಿಗೇ ಇಳಿಬಿಟ್ಟರು.

"ಈಗ ಐತಿ," ಎಂದರು.

ಮೊದಲ ಮನೆಯ ಮುಂದೆ ದುಂಡಪ್ಪ ತಲೆ ತಗ್ಗಿಸಿ ಜೋಳಿಗೆ ಚಾಚಿದ. ಹೊಸ್ತಿಲಲ್ಲಿ ಕೂತಿದ್ದ ಮುದುಕಿ ಗಿರಿಯವ್ವ ತಲೆಯೆತ್ತಿ ನೋಡಿದಳು. ಏನೂ ಕೇಳದೆ ಒಂದು ಬೊಗಸೆ ಜೋಳ ಹಾಕಿದಳು.

"ಬಿಸಲಾಗ ಬಂದಿ. ನೀರ ಕುಡೀತಿಯೇನಪಾ?" ಎಂದಳು.

ಅಷ್ಟಕ್ಕೇ ಅವನ ಕಣ್ಣು ತುಂಬಿತು. ಇಡೀ ಓಣಿ ಬಾಯಿಗೆ ಸೆರಗು ಹಿಡಿದು ನಗುತ್ತದೆ ಎಂದು ಹೆದರಿದ್ದ. ನಗಲು ಯಾರಿಗೂ ಪುರುಸೊತ್ತಿರಲಿಲ್ಲ. ಒಬ್ಬರು ಜೋಳ ಹಾಕಿದರು, ಇನ್ನೊಬ್ಬರು ಒಣಮೆಣಸಿನಕಾಯಿ ಹಾಕಿ ಕೈಮುಗಿದರು.

ಆಮೇಲೆ ತನ್ನ ಮನೆ ಬಂತು.

"ಗುರುವಿನ ಭಿಕ್ಷಾ," ಎಂದ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಲ್ಲವ್ವ ಮೊರದಲ್ಲಿ ಜೋಳ ಹಿಡಿದು ಬಂದಳು. ಕೆಂಪು ರುಮಾಲು ನೋಡಿದಳು, ಅದನ್ನು ಹೊತ್ತವನ ಮುಖ ನೋಡಿದಳು.

"ವಾಡೇದ ಬಾಗಲಾ ಮುಚ್ಯಾರ," ಎಂದ ದುಂಡಪ್ಪ. "ನನ್ನ ಕೆಲಸ ಹೋತು."

"ಯಾವಾಗ?"

"ದಸರಾಕ್ಕಿಂತ ಮೊದಲ."

"ಉಡದಾರ?"

"ಮಾರಿ ಜೋಳ ತಂದೆ."

ಕಲ್ಲವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಸ್ಪೀಟಿನ್ಯಾಗ ಕಳದೀರಿ ಅಂತ ತಿಳದು ದಿನಾ ದೇವರ ಮುಂದ ಅತ್ತೀನಲ್ರಿ ನಾ! ಮತ್ತ, ನಾ ಕಟ್ಟಿದ ಬುತ್ತಿ ಎಲ್ಲಿ ಉಣ್ತಿದ್ರಿ?"

"ಹೊಳಿ ದಂಡ್ಯಾಗ."

"ಒಬ್ಬರ?"

"ಹೂಂ."

ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಅತ್ತುಬಿಟ್ಟಳು. ಅಳುತ್ತಲೇ ಮೊರದ ಜೋಳವನ್ನೆಲ್ಲ ಜೋಳಿಗೆಗೆ ಸುರಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

"ಖಾನಾವಳಿಯವ ರೊಟ್ಟಿ ಬಡದು ಕೊಡು ಅಂತ ಕೇಳಿದ್ದ. ವಾಡೇದವನ ಹೇಂತಿ ನಾ, ನನಗ್ಯಾಕ ಅಂತ ಸೊಕ್ಕಿಲೆ ಒಲ್ಲೆ ಅಂದಿದ್ದೆ. ಈಗ ಬಡೀತೀನಿ, ನೀವು ಹೊತ್ತು ಮುಟ್ಟಸ್ರಿ. ಸ್ವಲ್ಪ ದಿನ ಸಂಜೀಕ ನುಚ್ಚು ಕುಡದ್ರ ಆತು. ಒಳಗ ಬರ್ರಿ."

"ಇನ್ನೂ ಮನಿ ಅದಾವು. ಒಂದೂ ಬಿಡೂ ಹಂಗಿಲ್ಲಂತ."

"ಹಂಗಾರ ಮುಗಿಸಿ ಬರ್ರಿ," ಎಂದಳು.

ದುಂಡಪ್ಪ ಓಣಿ ಮುಗಿಸಿ ಮಠಕ್ಕೆ ಬಂದು ಜೋಳಿಗೆಯನ್ನು ಅಜ್ಜಾರ ಮುಂದೆ ಬರಿದು ಮಾಡಿದ.

"ಚೀಲ ಒಯ್ಯಿ, ಕಟ್ಟಳೆ ಮುಗೀತು," ಎಂದರು ಅಜ್ಜಾರು.

"ಬ್ಯಾಡ್ರಿ. ಮನ್ಯಾಗ ಸುಳ್ಳ ಹೇಳೂದು ಉಳದಿಲ್ಲ."

ನಾಳೆಯ ಹೆದರಿಕೆ ಅವನಿಗೆ ಇನ್ನೂ ಇತ್ತು. ರೊಟ್ಟಿಯ ದುಡಿಮೆ ವಾಡೆಯ ಪಗಾರಕ್ಕೆ ಸಮವಲ್ಲವೆಂದೂ ಗೊತ್ತಿತ್ತು. ಆದರೂ ಎದೆ ಹಗುರಾಗಿತ್ತು. ಗಿರಿಯವ್ವನನ್ನು ನೆನೆದ, ಕಲ್ಲವ್ವನನ್ನು ನೆನೆದ, ಅಜ್ಜಾರ ಪಾದ ಹಿಡಿದು ಬಿಕ್ಕಿದ.

"ಎಷ್ಟ ಮಂದಿ ಋಣ ಹೊತ್ತು ಬಂದೀನ್ರಿ ಇವತ್ತ! ಎಲ್ಲಾ ಹೆಂಗ ತೀರಸಲಿ? ಯಾರಿಂದ ಸುರು ಮಾಡಲಿ, ಅಜ್ಜಾರ?"

ಅಜ್ಜಾರು ಅವನ ಭುಜ ಹಿಡಿದು ಎಬ್ಬಿಸಿದರು. ಒಮ್ಮೆ ಕತ್ತೆತ್ತಿ ಸೂರ್ಯನನ್ನು ನೋಡಿ, ಅಂದರು:

"ಹೊತ್ತು ನೆತ್ತಿ ಮ್ಯಾಲ ಬಂತು. ಮನ್ಯಾಗ ಅಕಿ ಉಣ್ಣದ ಕುಂತಿರತಾಳ, ನಡಿ."