ಟೌ ಕಾದ ದಾರಿ

ಬೆನ್ನುಹುರಿಯಿಂದ ಕಾಲ್ಬೆರಳವರೆಗೆ ಚಾಚಿದ್ದ ಒಂದು ನರಕೋಶದೊಳಗೆ ಸೂಕ್ಷ್ಮವಾದ ನಳಿಕೆಯೊಂದಿತ್ತು. ಕಾಲ್ಬೆರಳ ಕಡೆಯ ತುದಿಯಲ್ಲಿರುವವರ ಆಹಾರವೆಲ್ಲ ಅದರ ಮೇಲೆಯೇ ಸಾಗಬೇಕು. ಅದು ಬಿಚ್ಚಿಹೋಗದಂತೆ ಟೌ ಎಂಬ ಪ್ರೋಟೀನು ತನ್ನ ಬಳಗದವರೊಂದಿಗೆ ಅಲ್ಲಲ್ಲಿ ಹಿಡಿದುಕೊಂಡಿತ್ತು.

ಒಂದು ದಿನ ನಳಿಕೆಗಳನ್ನು ಕತ್ತರಿಸುವ ಕಟಾನಿನ್ ಅತ್ತ ಸುಳಿಯಿತು. ಗಾಬರಿಗೊಂಡ ಟೌ ಉಳಿದ ಬಳಗವನ್ನೆಲ್ಲ ಕೂಗಿ ಕರೆದು, ಎಳ್ಳಷ್ಟೂ ಜಾಗ ಬಿಡದೆ ನಳಿಕೆಯನ್ನು ತಬ್ಬಿಕೊಂಡಿತು.

ಅಷ್ಟರಲ್ಲಿ ನಳಿಕೆಯ ಮೇಲೆ ನಡೆದು ಆಹಾರ ಸಾಗಿಸುವ ಕೈನೆಸಿನ್ ಹೊರೆ ಹೊತ್ತು ಬಂದು ನಿಂತಿತು. "ಅಣ್ಣಾ, ಕಾಲೂರಲು ಜಾಗ ಕೊಡು. ತುದಿಯವರು ಹಸಿದು ಕೂತಿದ್ದಾರೆ."

"ಸರಿದರೆ ಆ ಕಟುಕ ನುಗ್ಗುತ್ತಾನೆ, ತಮ್ಮಾ. ದಾರಿ ಉಳಿದರೆ ನಾಳೆಯಾದರೂ ಹೋಗಬಹುದು."

"ನಾಳೆ ಯಾರಿಗೆ ಕೊಂಡೊಯ್ಯಲಿ? ನೀವೆಲ್ಲ ಬಿಟ್ಟು ಹೋಗುವುದು ಬೇಡ. ನಡುನಡುವೆ ಒಂದು ಹೆಜ್ಜೆಯಷ್ಟು ಜಾಗ ಬಿಡಿ, ಸಾಕು."

ಮಾತು ಸರಿಯೆಂದೇ ಟೌವಿಗೆ ಅನಿಸಿತು. ಆದರೆ ಕಣ್ಣು ಮತ್ತೆ ಕಟಾನಿನ್ ಕಡೆ ಹೋಯಿತು, ಹಿಡಿತ ಇನ್ನಷ್ಟು ಬಿಗಿಯಾಯಿತು. ಕೈನೆಸಿನ್ ಟೌ ಬಳಗದ ಮೇಲೆಯೇ ಕಾಲಿಡಲು ಹೋಗಿ, ಜಾರಿ, ಹೊರೆಸಮೇತ ಉರುಳಿಬಿತ್ತು. ಅದರ ಹಿಂದೆ ಬಂದವರೂ ಹಾಗೆಯೇ ಉರುಳಿದರು.

ಕಟಾನಿನ್ ಹತ್ತಿರ ಬಂದು ನೋಡಿತು. "ನಾನಾದರೆ ಒಂದು ಕಡೆ ಕತ್ತರಿಸುತ್ತಿದ್ದೆ, ಮಹಾರಾಯ. ನೀನು ಉದ್ದಕ್ಕೂ ಮುಗಿಸಿಬಿಟ್ಟೆ" ಎಂದು ಬಂದ ದಾರಿ ಹಿಡಿಯಿತು.

ಅದು ಕಣ್ಮರೆಯಾಗುವವರೆಗೂ ಕಾದು, ಟೌ ಹಿಡಿತ ಸಡಿಲಿಸಿ ತುದಿಯತ್ತ ಕೂಗಿತು: "ಹೆದರಬೇಡಿ, ದಾರಿ ಉಳಿಯಿತು!"

ಅತ್ತಲಿಂದ ಯಾರೂ ಓಗೊಡಲಿಲ್ಲ.