ಫೋನು ಅಳಿಸಿದ ಕಸೂತಿ

ಧಾರವಾಡದಲ್ಲಿ ಕಸೂತಿ ಕಲಿಸುವ ಇಂದೂತಾಯಿಯ ಬಳಿ ಒಂದು ಫೋನೂ ಒಂದು ಲ್ಯಾಪ್‌ಟಾಪೂ ಇದ್ದವು. ಅವಳ ಗುರುಗಳು ಬರೆದಿಟ್ಟ ಇನ್ನೂರು ನಮೂನೆಗಳ ಹಾಳೆಗಳನ್ನು ಗೆದ್ದಲು ತಿಂದುಹಾಕಿತ್ತು. ಅವುಗಳ ಫೋಟೊಗಳು ಮಾತ್ರ ಈ ಎರಡರಲ್ಲೂ ಉಳಿದಿದ್ದವು.

ಒಂದು ಬೆಳಿಗ್ಗೆ ಫೋನಿಗೆ ಜಾಗ ಸಾಲದಾಯಿತು. ನಮೂನೆಗಳು ಹೇಗೂ ಲ್ಯಾಪ್‌ಟಾಪಿನಲ್ಲಿ ಇವೆಯಲ್ಲ ಎಂದುಕೊಂಡು, ಅದು ಯಾರನ್ನೂ ಕೇಳದೆ ಅವನ್ನೆಲ್ಲ ಅಳಿಸಿ ಹಗುರಾಯಿತು.

ಮರುಕ್ಷಣವೇ ಲ್ಯಾಪ್‌ಟಾಪು ಚೀರಿತು: "ನನ್ನ ನಮೂನೆಗಳೆಲ್ಲ ಎಲ್ಲಿ ಹೋದವು? ಇನ್ನೇನು ಪಾಠ ಶುರುವಾಗುತ್ತದೆ!"

"ನಾನು ನನ್ನವನ್ನಷ್ಟೇ ಅಳಿಸಿದೆ," ಎಂದಿತು ಫೋನು.

"ನಿನ್ನವು, ನನ್ನವು ಅಂತ ಬೇರೆ ಎಲ್ಲಿದ್ದವು? ಕ್ಲೌಡಿನಲ್ಲಿ ನಮ್ಮಿಬ್ಬರಿಗೂ ಒಂದೇ ಕಪಾಟು. ನೀನು ತೆಗೆದದ್ದು ನನ್ನಲ್ಲೂ ಹೋಗುತ್ತದೆ."

ಕಲಿಯಲು ಬಂದ ಹೆಂಗಸರ ಮಾತು ಆಗಲೇ ಬಾಗಿಲಲ್ಲಿ ಕೇಳುತ್ತಿತ್ತು. ಫೋನು ನಾಚಿಕೆ ಬಿಟ್ಟು ಕ್ಲೌಡನ್ನು ಕರೆಯಿತು: "ಅಣ್ಣಾ, ತಪ್ಪಾಯಿತು. ಕೇಳದೆ ಎಸೆದುಬಿಟ್ಟೆ. ಏನಾದರೂ ಉಳಿದಿದೆಯೇ?"

"ನೀವು ಎಸೆದದ್ದನ್ನು ಮೂವತ್ತು ದಿನ ಬುಟ್ಟಿಯಲ್ಲಿ ಇಟ್ಟುಕೊಂಡಿರುತ್ತೇನೆ," ಎಂದಿತು ಕ್ಲೌಡು. "ನೀನು ಬೇಗ ಹೇಳಿದ್ದು ಒಳ್ಳೆಯದಾಯಿತು. ತಗೋ."

ಗೋಪುರ, ಆನೆ, ತುಳಸಿಕಟ್ಟೆ ಒಂದೊಂದಾಗಿ ಎರಡರಲ್ಲೂ ಮರಳಿ ಬಂದವು. ಇಂದೂತಾಯಿ ಬಂದವಳೇ ಫೋನು ತೆರೆದು, "ಇವತ್ತ ಆನಿ ಹಾಕೋಣ್ರಿ," ಎಂದಳು. ನಡೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಪಾಠ ಮುಗಿದ ಮೇಲೆ ಫೋನು ಲ್ಯಾಪ್‌ಟಾಪನ್ನು ಮೆಲ್ಲಗೆ ಕೇಳಿತು: "ಈ ಮೂರು ಸಾವಿರ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಲೇ?"

"ಧಾರಾಳವಾಗಿ," ಎಂದಿತು ಲ್ಯಾಪ್‌ಟಾಪು.