ಕಟ್ಟಿಗೆಯ ಕಾಲಿಗೆ ನೀರು ಕೊಟ್ಟ ಗೂಳಪ್ಪ

ಒಂದು ಊರು, ಊರಿಗೊಂದು ಸಂತೆಪೇಟೆ, ಪೇಟೆಯ ಬಾಯಿಗೆ ನೀಲವ್ವನ ಖಾನಾವಳಿ. ನೀಲವ್ವನಿಗೆ ಒಬ್ಬನೇ ಮಗ, ಹೆಸರು ಗೂಳಪ್ಪ. ಮೂವತ್ತರ ಗಂಡಸು, ಹುರಿಮೀಸೆ. ಕೈಗೆ ಜಾಣ, ಕಿವಿಗೆ ಪೆದ್ದ. ಅವನು ಹೊಡೆದ ಮೊಳೆ ನೇರ ಇಳಿಯುತ್ತಿತ್ತು. ಅವನಿಗೆ ಹೇಳಿದ ಮಾತು ಮಾತ್ರ ಒಂದು ದಿನವೂ ನೇರ ಇಳಿಯಲಿಲ್ಲ.

“ನನ್ನ ಹೊಟ್ಟ್ಯಾಗ ಎಂಥದ್ದು ಹುಟ್ಟಿತೋ ಶಿವನ!” ಅಂತ ನೀಲವ್ವ ಹಣೆ ಬಡಿದುಕೊಳ್ಳುವಳು. ಗೂಳಪ್ಪ ನಗುವನು.

ಆ ವರ್ಷ ಪಂಪ್‌ಸೆಟ್ ಅಂಗಡಿಯ ಹಾಲಪ್ಪ ಸಾವ್ಕಾರರ ಮಗಳ ಮದುವೆ ಮಳೆಗಾಲದ ಬಾಯಿಗೇ ಬಂತು. ಸಾವ್ಕಾರರು ಬಂದು, “ನೀಲವ್ವಾ, ಬೀಗರ ಊಟಕ್ಕ ಸಾವಿರ ಬಿಸಿ ರೊಟ್ಟಿ ಬೇಕು. ನಮ್ಮ ಅಂಗಳದಾಗ ಒಲಿ ಹೂಡು” ಅಂದರು. ನೀಲವ್ವ ಕೈ ಮುಗಿದಳು. ಹಿಂದೊಮ್ಮೆ ಬಿರುಗಾಳಿಗೆ ಖಾನಾವಳಿಯ ತಗಡು ಹಾರಿಹೋದಾಗ, ಕೇಳುವ ಮೊದಲೇ ಹೊಸ ತಗಡು ಹೊದಿಸಿಕೊಟ್ಟವರು ಅವರು. ಆ ಉಪಕಾರ ತೀರಿಸಲು ಇದೊಂದು ದಾರಿ. ಆದರೆ ಕಟ್ಟಿಗೆ ಒಣಗಿರಬೇಕಲ್ಲ? ಹಸಿ ಕಟ್ಟಿಗೆಯ ಹೊಗೆ ಬೀಗರ ಕಣ್ಣಿಗೆ ಬಡಿಯಿತೋ, ಸಾವ್ಕಾರರ ಮಾನವೂ ಹೋಯಿತು, ನೀಲವ್ವನ ಹೆಸರೂ ಹೋಯಿತು!

“ಗೂಳಪ್ಪಾ, ಕಟ್ಟಿಗಿ ನೆಲಕ್ಕ ಬಿದ್ದಾವು, ಥಂಡಿ ಹೀರತಾವು. ಎತ್ತಿಡೋ!”

ಎತ್ತಿಟ್ಟ. ಎಲ್ಲಿ? ಅವ್ವನ ಹೊರಸಿನ ಮೇಲೆ. ಮೇಲೊಂದು ಕೌದಿ, ತಲೆದಿಂಬು ಬೇರೆ!

“ಖೋಡಿ! ಕಟ್ಟಿಗಿ ಏನು ಬಾಣಂತಿ ಏನೋ? ಸಾವ್ಕಾರ್ರ ಹಿತ್ತಲದಾಗ ಪ್ಯಾಲೆಟ್ ಬಿದ್ದಾವು, ಒಯ್ಯಿ ಅಂದಾರ. ಅವನ್ನ ಕೂಡಿಸಿ ಗೂಡು ಮಾಡು. ಸಂದು ಬಿಟ್ಟು ಒಟ್ಟು. ನಾಕೂ ಕಡೆಯಿಂದ ಗಾಳಿ ಆಡಬೇಕು!”

“ಛಲೋ ಹೇಳಿದಿ ಯವ್ವಾ. ಇನ್ನ ಮ್ಯಾಲೆ ಹಂಗ ಮಾಡ್ತೀನಿ.”

ಪ್ಯಾಲೆಟ್ ಅಂದರೆ ಪಂಪ್‌ಸೆಟ್ಟುಗಳು ದೂರದೂರಿನಿಂದ ಲಾರಿಯಲ್ಲಿ ಕೂತು ಬರುವ ಮರದ ಮಣೆ. ಪಂಪು ಇಳಿದ ಮೇಲೆ ಅದನ್ನು ಕೇಳುವವರಿಲ್ಲ. ಗೂಳಪ್ಪ ಅಡಿಗೊಂದು ಹಾಕಿದ, ಎರಡು ಪಕ್ಕಕ್ಕೆ ಎರಡು ನಿಲ್ಲಿಸಿದ, ಬೆನ್ನಿಗೊಂದು ಬಡಿದ, ಕೆಳಗೆ ಹಳೇ ಬೇರಿಂಗಿನ ಗಾಲಿ ಕೂಡಿಸಿದ. ಒಂದಲ್ಲ, ನಾಲ್ಕು ಗೂಡು! ತುಂಬ ಜಾಲಿ ಕಟ್ಟಿಗೆ ಒಟ್ಟಿ ದಬ್ಬಿದರೆ ಬಾಗಿಲಲ್ಲಿ ಸಲೀಸಾಗಿ ಒಳಗೂ ಬರುತ್ತವೆ, ಹೊರಗೂ ಹೋಗುತ್ತವೆ. ಬಡಿಗ ಕೂಡ ನಿಂತು ನೋಡಿದ. ನೀಲವ್ವನ ಎದೆ ಅರಳಿತು.

ಅರಳಿದ್ದು ಒಂದೇ ದಿನ. ಮಾರನೇ ದಿನ ಗಿರಣಿಯಿಂದ ಜೋಳದ ಹಿಟ್ಟು ಬಂತು. “ನೆಟ್ಟಗ ಇಡಪಾ” ಅಂದಳು. ಇಟ್ಟ. ಉಳಿದ ಪ್ಯಾಲೆಟ್ಟಿನ ಮೇಲೆ ಹಿಟ್ಟು ಸುರಿದು, ನಡುನಡುವೆ ಸಂದು ಬಿಟ್ಟು, ನಾಲ್ಕೂ ಕಡೆಯಿಂದ ಗಾಳಿ ಆಡುವಂತೆ ಬೀದಿಗಿಟ್ಟ! ಗಾಳಿ ಆಡಿತು ನೋಡಿ, ಪೇಟೆಯೆಲ್ಲ ಬೆಳ್ಳಗೆ. ದರ್ಜಿಯ ಮೀಸೆ ಬಿಳಿ, ಕಟ್ಟೆಯ ಮೇಲಿನ ಕರಿ ನಾಯಿ ಬಿಳಿ.

“ಮೂಳಾ! ಹಿಟ್ಟಿಗೆ ಯಾರಾರ ಗಾಳಿ ಕೊಡ್ತಾರೇನೋ? ಮಳಿಗೆ ಹೊದಿಸೂ ತಾಡಪತ್ರಿಯಾಗ ಸುತ್ತಬೇಕು, ಬಾಯಿ ಬಿಗಿದು ಕಟ್ಟಬೇಕು, ಉಸಿರಾಡಾಕ ಸಂದು ಇರಬಾರದು!”

“ಛಲೋ ಹೇಳಿದಿ ಯವ್ವಾ. ಇನ್ನ ಮ್ಯಾಲೆ ಹಂಗ ಮಾಡ್ತೀನಿ.”

ಎರಡು ದಿನ ಕಳೆಯಿತು. ಹಾಲಪ್ಪ ಸಾವ್ಕಾರರೇ ಲಗ್ನಪತ್ರಿಕೆ ಕೊಡಲು ಬಂದರು. ಬಾಗಿಲಿಗೆ ಬರುತ್ತಲೇ ತಟಪಟ ಹನಿ. ನೀಲವ್ವ ಒಳಗಿಂದಲೇ ಕೂಗಿದಳು: “ಗೂಳಪ್ಪಾ, ಸಾವ್ಕಾರ್ರು ತೋಯ್ತಾರ, ನೋಡೋ!”

ನೋಡಿದ. ತಾಡಪತ್ರಿ ತಂದ. ಸುತ್ತಿದ. ಬಾಯಿ ಬಿಗಿದು ಕಟ್ಟಿದ!

ನೀಲವ್ವ ಹೊರಗೆ ಬಂದರೆ ಒಂದು ಗಂಟು ಕುಣಿಯುತ್ತಿದೆ, ಒಳಗಿಂದ “ಏ ನೀಲವ್ವಾ! ಏ ನೀಲವ್ವಾ!” ಬಿಚ್ಚಿದಳು. ಸಾವ್ಕಾರರ ತಲೆಯ ಪಟಗ ಕೊರಳಿಗೆ ಇಳಿದಿತ್ತು. ಅವರು ದಮ್ಮು ತಿರುಗಿಸಿಕೊಂಡು, “ತೋಯಲಿಲ್ಲ ಬಿಡವ್ವ, ಅಷ್ಟು ಮಾತ್ರ ಖರೆ” ಅಂದರು. ದೊಡ್ಡ ಮನುಷ್ಯ. ಚಹಾ ಕುಡಿದು ಹೋದರು.

ನೀಲವ್ವನ ಕಣ್ಣಲ್ಲಿ ನೀರು. “ಯಾರಿಂದ ನಮ್ಮ ಹೊಟ್ಟಿ ತುಂಬತೈತಿ, ಅವರನ್ನ ಹಿಂಗ ನೋಡ್ಕೋತಾರೇನೋ? ಒಳಗ ಕರೀಬೇಕು. ಕಾಲಿಗೆ ನೀರು ಕೊಡಬೇಕು. ಬೆಚ್ಚಗ ಒಲಿ ಸನೇಕ ಕೂಡಿಸಬೇಕು. ಊಟ ಮಾಡ್ರಿ ಅನ್ನಬೇಕು. ಹೋಗುವಾಗ ಬಸ್‌ಸ್ಟ್ಯಾಂಡ್ ತನಕ ಕಳಿಸಿ ಬರಬೇಕು!”

“ಛಲೋ ಹೇಳಿದಿ ಯವ್ವಾ. ಇನ್ನ ಮ್ಯಾಲೆ ಹಂಗ ಮಾಡ್ತೀನಿ.”

ಮದುವೆಯ ಮುನ್ನಾದಿನ ನೀಲವ್ವ ಒಲೆ ಹೂಡಲು ಸಾವ್ಕಾರರ ಮನೆಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಹೇಳಿದಳು: “ನಾಕೂ ಗೂಡು ದಬ್ಬಿಕೊಂಡು ಸಾವ್ಕಾರ್ರ ಅಂಗಳಕ್ಕ ತಂದು ನಿಲ್ಲಸು. ಜ್ವಾಕೀ ಮಗನ! ಈ ಕಟ್ಟಿಗಿಯಿಂದನ ನಮ್ಮ ಹೊಟ್ಟಿ ತುಂಬೂದು.”

ಗೂಳಪ್ಪನಿಗೆ ಕೇಳಿಸಿದ್ದು ಕೊನೆಯ ಮಾತು.

ಸಂಜೆಯಾದರೂ ಗೂಡು ಬರಲಿಲ್ಲ. ಸಂಜೆಗೆ ಹಿಡಿದ ಮಳೆ ಬೆಳತನಕ ಬಿಡಲಿಲ್ಲ. ಬೆಳಗಿಗೆ ಸಾವ್ಕಾರರ ಅಂಗಳ ಕೆರೆ. ಉಳಿದ ಅಡಿಗೆಗೆಂದು ಅವರು ತರಿಸಿಟ್ಟಿದ್ದ ಕಟ್ಟಿಗೆ ತೆಪ್ಪದ ಹಾಗೆ ತೇಲುತ್ತಿತ್ತು. ನೀಲವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ಹಾದಿಯುದ್ದಕ್ಕೂ ಒಂದೇ ಮಾತು: “ಕೆಟ್ಟೆ ಶಿವನ, ಕೆಟ್ಟೆ!”

ಖಾನಾವಳಿಯ ಬಾಗಿಲು ನೂಕಿದಳು. ನಾಲ್ಕೂ ಗೂಡು ಒಲೆಯ ಸುತ್ತ, ಮಾರು ದೂರ ಬಿಟ್ಟು, ಬೀಗರ ಹಾಗೆ ಸಾಲಾಗಿ ಕೂತಿವೆ! ಒಂದೊಂದರ ಮುಂದೆ ಒಂದೊಂದು ತಂಬಿಗೆ, ಒಂದೊಂದು ತಾಟು. ಗೂಳಪ್ಪ ಕೈ ಕಟ್ಟಿ ನಿಂತಿದ್ದಾನೆ.

“ಯವ್ವಾ, ನಿನ್ನಿಯಿಂದ ಊಟ ಮಾಡ್ರಿ ಮಾಡ್ರಿ ಅಂತೀನಿ. ಒಬ್ಬರೂ ಒಲ್ಲರು. ಕಾಲು ಮಾತ್ರ ತೊಳಕೊಂಡಾರ.”

ನೀಲವ್ವ ಬಗ್ಗಿ ಮುಟ್ಟಿದಳು. ಗಾಲಿ ಒದ್ದೆ, ಅಡಿಯ ಪ್ಯಾಲೆಟ್ ಒದ್ದೆ. ಮೇಲಿನ ಕಟ್ಟಿಗೆ? ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದಳು. ಠಣ್!

ಸಾವಿರ ರೊಟ್ಟಿ ಖಾನಾವಳಿಯಲ್ಲೇ ಬೆಂದವು. ಗೂಳಪ್ಪ ಒಂದು ಗೂಡು ಖಾಲಿ ಮಾಡಿ, ಅದರಲ್ಲೇ ರೊಟ್ಟಿ ಬುಟ್ಟಿ ಇಟ್ಟು, ತಾಡಪತ್ರಿ ಹೊದಿಸಿ ದಬ್ಬಿಕೊಂಡು ಮುಟ್ಟಿಸಿದ. ಬೀಗರು ಬಿಸಿ ರೊಟ್ಟಿ ಮುರಿದು, “ಯಾರವ್ವ ಈ ಕೈ?” ಅಂದರು. ಸಾವ್ಕಾರರು ನೀಲವ್ವನಿಗೆ ಇಳಕಲ್ ಸೀರೆ ಕೊಟ್ಟರು. ಗೂಳಪ್ಪನ ಕೈಗೆ ಹೊಸ ಪಟಗ ಕೊಟ್ಟು ಅಂದರು: “ಇವತ್ತು ನಮ್ಮ ಮಾನ ಯಾರು ಉಳಿಸಿದರೋ, ಅವರ ತಲಿಗೆ ಸುತ್ತಪಾ.”

“ಛಲೋ ಹೇಳಿದ್ರಿ ಸಾವ್ಕಾರ್ರ” ಅಂದು ಗೂಳಪ್ಪ ಹೋದ.

ಹೋದವನು ಹೊತ್ತಾದರೂ ಬರಲಿಲ್ಲ. ಕಡೆಗೆ ದರ್ಜಿ ಓಡಿ ಬಂದ: “ನೀಲವ್ವಕ್ಕಾ, ಬಸ್‌ಸ್ಟ್ಯಾಂಡಿಗೆ ಲಗೂ ಬಾ!”

ಬಸ್ಸಿನ ಬಾಗಿಲಿಗೆ ಖಾಲಿ ಗೂಡು ನಿಂತಿದೆ. ತಲೆಗೆ ಜರಿ ಪಟಗ, ಬಗಲಿಗೆ ರೊಟ್ಟಿ ಬುತ್ತಿ. ಗೂಳಪ್ಪ ಕಂಡಕ್ಟರಿಗೆ ಕೈ ಮುಗಿಯುತ್ತಿದ್ದಾನೆ: “ಕಿಡಕಿ ಸನೇಕ ಒಂದು ಸೀಟು ಕೊಡ್ರಿ ಸರ. ದೂರದೂರಿನವರು. ನಮ್ಮ ಹೊಟ್ಟಿ ತುಂಬಿಸ್ಯಾರ.”

ಕಂಡಕ್ಟರು ಬೆವರುತ್ತ, “ಯವ್ವಾ, ಇದು ನಿಮ್ಮ ಬಂಧು ಏನು?” ಅಂದ.

ಖೋಡಿ ಅನ್ನಲು ನೀಲವ್ವ ಬಾಯಿ ತೆರೆದಳು. ಪಟಗ ನೋಡಿದಳು, ಮಗನ ಮಾರಿ ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ ಗೂಡಿಗೆ ಕೈ ಮುಗಿದು, “ಹೌದಪಾ, ಬಂಧುನ” ಅಂದಳು. “ಗೂಳಪ್ಪಾ, ಇಷ್ಟು ಲಗೂ ಯಾರಾರ ಬಂಧುಗಳನ್ನ ಕಳಿಸ್ತಾರೇನೋ? ಮಳಿಗಾಲ ಮುಗಿಯೂತನ ಇರ್ರಿ ಅನ್ನಬೇಕು.”

“ಛಲೋ ಹೇಳಿದಿ ಯವ್ವಾ!”

ಗೂಳಪ್ಪ ಗೂಡಿನ ಕಿವಿಗೆ ಬಗ್ಗಿ ಏನೋ ಅಂದ, ಉತ್ತರಕ್ಕೆ ಕಾದ, ತಲೆಯಾಡಿಸಿದ.

“ಇರ್ತಾರಂತ. ಆದರ ಉಳಿದ ಮೂವರನ್ನ ಆಗಲೇ ಮೊದಲಿನ ಬಸ್ಸಿಗೆ ಹತ್ತಿಸಿ ಕಳಿಸೀನಲ್ಲ ಯವ್ವಾ!”